ಮಾತ್ರೆಯ ಗಂಟೆ ನೋಡಿ ಓಡಿ: ಪಾರ್ಕಿನ್ಸನ್ಸ್ ಇದ್ದವರಿಗೆ 5 ಕಿಲೋಮೀಟರ್

ಕರಿಹಲಗೆಯ ಮೇಲೆ ನನ್ನ ಅಕ್ಷರ ಸಣ್ಣದಾಗುತ್ತಾ ಹೋದದ್ದನ್ನು ಮೊದಲು ಕಂಡದ್ದು ಹಿಂದಿನ ಬೆಂಚಿನ ಮಕ್ಕಳು. "ಮಾಷ್ಟ್ರೇ, ಕಾಣುವುದಿಲ್ಲ" ಎಂದರು. ಕಣ್ಣು ತೋರಿಸಿ ಬನ್ನಿ ಅಂತ ನಾನು ಅವರಿಗೇ ಬುದ್ಧಿ ಹೇಳಿದೆ! ಅದಕ್ಕೂ ಮೊದಲೇ ಮಲ್ಲಿಗೆಯ ಪರಿಮಳ ಮೂಗಿಗೆ ಹತ್ತುತ್ತಿರಲಿಲ್ಲ, ಶೀತ ಅಂದುಕೊಂಡಿದ್ದೆ. ನಡೆಯುವಾಗ ಬಲಗೈ ಬೀಸುವುದು ನಿಂತ ಮೇಲೆ ಮಂಗಳೂರಿಗೆ ಹೋದೆ. ನರರೋಗದ ಡಾಕ್ಟರು ಪಾರ್ಕಿನ್ಸನ್ಸ್ ಎಂದರು.

ಇದಾಗಿ 6 ವರ್ಷ. ಕಳೆದ ಜನವರಿಯಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಹತ್ತಿರ, ಪಂಚಾಯತಿನ ಪಾಲಿಯೇಟಿವ್ ಘಟಕಕ್ಕೆ (ವಾಸಿಯಾಗದ ರೋಗಿಗಳ ನೋವು ತಗ್ಗಿಸಿ ಆರೈಕೆ ಮಾಡುವವರು) ಹಣ ಕೂಡಿಸಲು ಕ್ಲಬ್ಬಿನ ಹುಡುಗರು 5 ಕಿಲೋಮೀಟರ್ ಓಟ ಇಟ್ಟಿದ್ದರು. ಮುಗಿಸಿದೆ. ಓಟ ಅಂತ ಹೆಸರು, ಅರ್ಧ ನಡಿಗೆಯೇ. ಅಂದಿನಿಂದ ಒಂದೇ ಪ್ರಶ್ನೆ: "ಹೇಗೆ ಮಾಡಿದ್ರಿ ಮಾರಾಯ್ರೆ?"

ಓಡುವುದು ಯಾಕೆ?

ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳು ಸಾಯುತ್ತಾ ಬರುವುದೇ ಈ ರೋಗ. ಚಲನೆ ನಿಧಾನವಾಗುತ್ತದೆ, ಮೈ ಬಿಗಿಯುತ್ತದೆ. ಹೆಚ್ಚಿನವರಿಗೆ ನಡುಕ ಬರುತ್ತದೆ, ಎಲ್ಲರಿಗೂ ಅಲ್ಲ. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಇದನ್ನು 1817ರಲ್ಲೇ ಬರೆದಿಟ್ಟರು. ಪೂರ್ತಿ ವಾಸಿಮಾಡುವ ಮದ್ದು ಈಗಲೂ ಇಲ್ಲ. ಆದರೆ ವ್ಯಾಯಾಮದಿಂದ ಲಾಭ ಇದೆ. 2018ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. ಮದ್ದು ಇನ್ನೂ ಶುರುಮಾಡದ 128 ಹೊಸ ರೋಗಿಗಳ ಮೇಲೆ ಮಾಡಿದ್ದು. ಟ್ರೆಡ್‌ಮಿಲ್ ಮೇಲೆ ಏದುಸಿರು ಬರುವಷ್ಟು ಜೋರಾಗಿ ನಡೆದವರ ತೊಂದರೆ 6 ತಿಂಗಳಲ್ಲಿ ಹೆಚ್ಚುಕಡಿಮೆ ಇದ್ದಷ್ಟೇ ಇತ್ತು. ವ್ಯಾಯಾಮ ಮಾಡದವರದ್ದು ಜಾಸ್ತಿಯಾಗಿತ್ತು.

ಮೊದಲು ಡಾಕ್ಟರು, ಆಮೇಲೆ ಬೂಟು

"ಓಡಬಹುದಾ?" ಅಂತ ಮಾತ್ರ ಕೇಳಿ ಬರಬೇಡಿ. ಮಲಗಿದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ಬಿಪಿ ನೋಡಿಸಿ. ನಮ್ಮಲ್ಲಿ ಕೆಲವರಿಗೆ ಎದ್ದ ಕೂಡಲೇ ಅದು ಇಳಿದು ತಲೆ ತಿರುಗುತ್ತದೆ. ಹೃದಯವನ್ನೂ ಪರೀಕ್ಷಿಸಲಿ. ಈಚೆಗೆ ಬಿದ್ದದ್ದಿದ್ದರೆ ಮುಚ್ಚಿಡಬೇಡಿ, ನಡಿಗೆಗೆ ಮಾತ್ರ ಹೆಸರು ಕೊಡಿ. ನಸುಗುನ್ನಿ ಬೀಜದ ಪುಡಿ ತಿಂದರೆ ಸಾಕು ಅನ್ನುವವರು ಪ್ರತಿ ಊರಲ್ಲೂ ಇದ್ದಾರೆ. ಅದರಲ್ಲಿ ಲೆವೊಡೋಪಾ, ಅಂದರೆ ಮೆದುಳಿನಲ್ಲಿ ಡೋಪಮಿನ್ ಆಗುವ, ನಮ್ಮ ಮಾತ್ರೆಯಲ್ಲೂ ಇರುವ ಮದ್ದು, ಇರುವುದು ನಿಜ. ಅದಕ್ಕೇ ಹೇಳುವುದು, ಮಾತ್ರೆಯ ಜೊತೆ ಅದನ್ನೂ ತಿಂದರೆ ಪ್ರಮಾಣ ಏರುಪೇರಾಗುತ್ತದೆ. ಡಾಕ್ಟರಿಗೆ ಹೇಳದೆ ಮುಟ್ಟಬೇಡಿ.

ಎರಡು ರೂಪಾಯಿಯ ಪೆನ್ನು, ಒಂದು ನೋಟ್‌ಬುಕ್

ಇಡೀ ತಯಾರಿಯಲ್ಲಿ ನನಗೆ ಹೆಚ್ಚು ಉಪಕಾರವಾದದ್ದು ಇದು. ಒಂದು ವಾರ ಬರೆಯಿರಿ: ಮಾತ್ರೆ ನುಂಗಿದ್ದು ಎಷ್ಟಕ್ಕೆ, ಕಾಲು ಹಗುರಾದದ್ದು ಎಷ್ಟಕ್ಕೆ, ಮತ್ತೆ ಎಳೆಯತೊಡಗಿದ್ದು ಎಷ್ಟಕ್ಕೆ. ನನ್ನ ಪುಟ ಹೀಗಿತ್ತು: 6:00 ಮಾತ್ರೆ, 6:40 ಹಗುರ, 9:00 ಬಲಗಾಲು ಭಾರ. ಅಂದರೆ ನನಗೆ ಸಿಗುವುದು ಎರಡು ಗಂಟೆ ಚಿಲ್ಲರೆ. ಅಭ್ಯಾಸವೂ ಅದರೊಳಗೆ, ಓಟವೂ ಅದರೊಳಗೆ. ಓಟ 6:30ಕ್ಕೆ ಅಂತ ಗೊತ್ತಾದಾಗ, ಆ ಒಂದು ದಿನ ಮಾತ್ರೆಯನ್ನು 5:45ಕ್ಕೆ ತೆಗೆದುಕೊಳ್ಳಲು ಡಾಕ್ಟರ ಒಪ್ಪಿಗೆ ಕೇಳಿದೆ. ಸುಮ್ನೆ ನಾವೇ ಹಿಂದೆ ಮುಂದೆ ಮಾಡಬಾರದು.

ಊಟದ ಲೆಕ್ಕ ಕಲಿತದ್ದು ಮಾತ್ರ ಪೆಟ್ಟು ತಿಂದು. ಡಿಸೆಂಬರಿನ ಒಂದು ಬೆಳಗ್ಗೆ ಶಕ್ತಿ ಬರಲಿ ಅಂತ ಎರಡು ಉದ್ದಿನ ದೋಸೆ, ಒಂದು ಬಟ್ಟಲು ಬೇಯಿಸಿದ ಕಡಲೆ ತಿಂದು, ಮೇಲಿಂದ ಮಾತ್ರೆ ನುಂಗಿ ಶಾಲೆಯ ಮೈದಾನಕ್ಕೆ ಹೋದೆ. ಒಂದು ಗಂಟೆ ಕಳೆದರೂ ಕಾಲು ಏಳಲಿಲ್ಲ. ಗೋಲ್ ಕಂಬ ಹಿಡಿದು ನಿಂತಿದ್ದೆ. ಪ್ರೋಟೀನು, ಲೆವೊಡೋಪಾ ಎರಡೂ ಒಂದೇ ಬಾಗಿಲಿನಿಂದ ರಕ್ತಕ್ಕೆ ಹೋಗಬೇಕು. ನೂಕುನುಗ್ಗಲಲ್ಲಿ ಮಾತ್ರೆ ಹಿಂದೆ ಉಳಿಯುತ್ತದೆ. ಈಗ ಖಾಲಿ ಹೊಟ್ಟೆಗೆ ನೀರಿನ ಜೊತೆ ಮಾತ್ರೆ, ಅರ್ಧ ಗಂಟೆ ಬಿಟ್ಟು ಒಂದು ಬಾಳೆಹಣ್ಣು. ಕಡಲೆ ಓಟ ಮುಗಿದ ಮೇಲೆ.

ಸುಣ್ಣದ ಗೆರೆ, ತಕಧಿಮಿ

12 ವಾರ ಇಟ್ಟುಕೊಳ್ಳಿ, ವಾರಕ್ಕೆ 3 ದಿನ. ಶುರುವಿಗೆ 4 ನಿಮಿಷ ನಡಿಗೆ, 1 ನಿಮಿಷ ಓಟ. ನಿಧಾನವಾಗಿ ಓಟದ ಪಾಲು ಏರಿಸಿ. ಹೆಜ್ಜೆ ಬೇಕೆಂದೇ ದೊಡ್ಡದಾಗಿ ಇಡಬೇಕು, ಕೈ ಬೇಕೆಂದೇ ಬೀಸಬೇಕು. ನಮಗೆ ದೊಡ್ಡದು ಅನಿಸಿದ್ದು ನೋಡುವವರಿಗೆ ಸರಿಯಾಗಿ ಕಾಣುತ್ತದೆ. ಮುರಕಲ್ಲಿನ ಗುಡ್ಡ, ಸಮುದ್ರದ ಹೊಯಿಗೆ ಎರಡೂ ಬೇಡ, ಸಪಾಟು ನೆಲ ಸಾಕು.

ಕಾಲು ನೆಲಕ್ಕೆ ಅಂಟಿಬಿಡುವುದು ದೊಡ್ಡ ಕಾಟ. ಹೊಸ್ತಿಲಲ್ಲಿ, ತಿರುಗುವಾಗ, ಜನರ ಇಕ್ಕಟ್ಟಿನಲ್ಲಿ ಹೀಗಾಗುತ್ತದೆ. ಕಣ್ಣಿಗೋ ಕಿವಿಗೋ ಒಂದು ಗುರುತು ಕೊಟ್ಟರೆ ಬಿಟ್ಟುಕೊಳ್ಳುತ್ತದೆ. ಅಂಗಳದಲ್ಲಿ ಎರಡೆರಡು ಅಡಿಗೆ ಸುಣ್ಣದ ಗೆರೆ ಎಳೆದು ದಾಟುತ್ತಾ ಹೋದೆ. ಅಡಿಕೆ ಒಣಹಾಕುವ ಕಾಲ, ಹೆಂಡತಿ ಅಂಗಳದಲ್ಲಿ ಒಂದು ಮೂಲೆ ಮಾತ್ರ ಬಿಟ್ಟುಕೊಟ್ಟಳು. ಕಿವಿಗೆ ತಾಳ. ಯಕ್ಷಗಾನದ ಕವಿ ಕುಂಬಳೆ ಪಾರ್ತಿಸುಬ್ಬನ ನಾಡಿನವರಿಗೆ ಅದಕ್ಕೇನು ಬರ? ಮನಸ್ಸಿನಲ್ಲೇ "ತಕಧಿಮಿ, ತಕಧಿಮಿ", ಒಂದೊಂದು ಅಕ್ಷರಕ್ಕೆ ಒಂದು ಹೆಜ್ಜೆ. ಮೊಬೈಲಿನಲ್ಲಿ ಟಿಕ್ ಟಿಕ್ ಎಂದು ತಾಳ ಹಾಕುವ ಮೆಟ್ರೊನೋಮ್ ಆದರೂ ಆಗುತ್ತದೆ.

ಆದರೂ ಅಂಟಿದರೆ ಒದ್ದಾಡಬೇಡಿ. ನಿಲ್ಲಿ, ಉಸಿರು ಬಿಡಿ, ಭಾರವನ್ನು ಒಂದು ಕಾಲಿಗೆ ವಾಲಿಸಿ, ಇನ್ನೊಂದನ್ನು ಎತ್ತಿ ದೂರ ಇಡಿ. ಜೊತೆಗಾರರು ಕೈ ಹಿಡಿದು ಎಳೆಯಬಾರದು, ಬೀಳುತ್ತೇವೆ. ನನ್ನ ಅಳಿಯ ತನ್ನ ಪಾದವನ್ನು ನನ್ನ ಮುಂದೆ ಅಡ್ಡ ಇಟ್ಟು "ದಾಟಿ ಮಾವ" ಅನ್ನುತ್ತಾನೆ. ಅಷ್ಟು ಸಾಕು.

ಹಣ ಕೇಳುವುದು

ನಾಚಿಕೆ ಬೇಡ. ಕೇರಳದಲ್ಲಿ 2008ರಲ್ಲೇ ಪಾಲಿಯೇಟಿವ್ ನೀತಿ ಬಂತು, ಹಾಸಿಗೆ ಹಿಡಿದವರ ಮನೆಗೆ ಪಂಚಾಯತಿನ ನರ್ಸ್ ಬರುತ್ತಾರೆ. ಈ ಹಣ ಯಾವುದಕ್ಕೆ, ಗಾಳಿಹಾಸಿಗೆಗೋ ಗಾಲಿಕುರ್ಚಿಗೋ, ಹೇಳಿಯೇ ಕೇಳಿ. ನಿಮ್ಮ ಸ್ವಂತ ಖಾತೆಗೆ ಹಾಕಿಸಿಕೊಳ್ಳಬೇಡಿ. ಪ್ರತಿಯೊಬ್ಬರಿಗೂ ರಶೀದಿ ಕೊಡಿಸಿ.

ಹಿಂದಿನ ರಾತ್ರಿ, ಆ ಬೆಳಗ್ಗೆ

ನಡುಗುವ ಕೈಯಲ್ಲಿ ಸೇಫ್ಟಿ ಪಿನ್ ಆಗದ ಕೆಲಸ. ನಂಬರಿನ ಚೀಟಿಯನ್ನು ರಾತ್ರಿಯೇ ಅಂಗಿಗೆ ಚುಚ್ಚಿಸಿಡಿ. ಬೂಟಿಗೆ ಎಲಾಸ್ಟಿಕ್ ಲೇಸು. ಮುಂದಿನ ಹೊತ್ತಿನ ಮಾತ್ರೆ ಸಣ್ಣ ಡಬ್ಬಿಯಲ್ಲಿ ಕಿಸೆಯಲ್ಲಿರಲಿ, ಜೊತೆಗೆ ರೋಗದ ಹೆಸರು, ಮಾತ್ರೆಯ ಹೆಸರು, ಮನೆಯ ಫೋನ್ ಬರೆದ ಚೀಟಿ. ಇಲ್ಲದಿದ್ದರೆ ತೂರಾಡುವುದನ್ನು ಕಂಡು ಬೆಳಗ್ಗೆಯೇ ಕುಡಿದು ಬಂದಿದ್ದಾರೆ ಅನ್ನುತ್ತಾರೆ. ನನಗೆ ಅಂದಿದ್ದಾರೆ.

ಸಾಲಿನ ಕೊನೆಯಲ್ಲಿ, ಬದಿಗೆ ನಿಲ್ಲಿ. ಸೀಟಿ ಊದಿದ ಕೂಡಲೇ ಹೊರಡಬೇಡಿ, ಗುಂಪು ಕರಗಲಿ. ತಿರುವಿನಲ್ಲಿ ಬಸ್ಸು ತಿರುಗಿದ ಹಾಗೆ ಅಗಲಕ್ಕೆ ತಿರುಗಿ. ಓಡುತ್ತಾ ಮಾತಾಡಬೇಡಿ, ಎರಡು ಕೆಲಸ ಒಟ್ಟಿಗೆ ನಮ್ಮಿಂದಾಗದು. ನೀರು ಕುಡಿಯುವಾಗ ನಿಂತು, ಗಲ್ಲ ತಗ್ಗಿಸಿ, ಗುಟುಕು ಗುಟುಕಾಗಿ. ಮುಗಿದ ಕೂಡಲೇ ಕೂತುಬಿಡಬೇಡಿ. ಹತ್ತು ನಿಮಿಷ ಅಡ್ಡಾಡಿ, ಆಮೇಲೆ ಬೊಂಡ (ಎಳನೀರು).

ಫೋಟೋದವ ಬರುತ್ತಾನೆ. ಮುಖದ ಸ್ನಾಯುವೂ ಬಿಗಿದಿರುತ್ತದೆ ಅಂತ ಅವನಿಗೇನು ಗೊತ್ತು? "ನಗಿ ಸಾರ್, ಸ್ವಲ್ಪ ನಗಿ" ಅಂತ ಮೂರು ಸಲ ಹೇಳಿದ. ನಗುತ್ತಲೇ ಇದ್ದೇನೆ ಮಾರಾಯ, ತೆಗಿ ಎಂದೆ.