ಲೇಹ್‌ನಿಂದ ಬಂದ ಸೋಮಲತೆ ಕಟ್ಟು: ಕುದಿಸುವ ಮೊದಲು

ನಮ್ಮ ಕೊಡಗಿನಲ್ಲಿ ಮನೆಗೊಬ್ಬ ಮಿಲಿಟರಿಯವನು ಇದ್ದೇ ಇರುತ್ತಾನೆ. ರಜೆಗೆ ಬರುವಾಗ ಏನಾದರೂ ತರುತ್ತಾನೆ. ಹೋದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಮಳೆಗಾಲ) ಅಣ್ಣನ ಮಗ ಲೇಹ್‌ನಿಂದ ಒಣ ಏಪ್ರಿಕಾಟ್ ಜೊತೆ ಒಂದು ಕಟ್ಟು ಕಡ್ಡಿಯನ್ನೂ ತಂದ. “ಅತ್ತೆ, ಇದು ಸೋಮಲತೆ. ದಮ್ಮಿಗೆ, ಸುಸ್ತಿಗೆ ಒಳ್ಳೇದಂತೆ” ಎಂದ.

ನಾನು ವಿರಾಜಪೇಟೆಯ ಮೆಡಿಕಲ್ ಶಾಪಿನಲ್ಲಿ 26 ವರ್ಷ ಕೂತವಳು. ಆದರೇನು, ನಾನು ಸಂತೆಯಿಂದ ಬರುವಷ್ಟರಲ್ಲಿ ಭಾವ ಒಂದು ಹಿಡಿ ಕುದಿಸಿ ಕುಡಿದಾಗಿತ್ತು. ಮೇಲಿಂದ ಎಂದಿನ ಬೆಲ್ಲದ ಕಾಫಿ ಬೇರೆ. ವಯಸ್ಸು 71, ದಿನಾ ಬಿಪಿ ಮಾತ್ರೆ. “ಎದೆಯೊಳಗೆ ಯಾರೋ ದುಡಿ ಬಾರಿಸಿದ ಹಾಗಿದೆ” ಎಂದರು. ಬಿಪಿ 178/104, ನಾಡಿ 118. ಆಸ್ಪತ್ರೆಗೆ ಹೋಗಿ ಬಂದೆವು. ಬೆಳಗಿನವರೆಗೂ ಅವರಿಗೆ ನಿದ್ದೆ ಇಲ್ಲ, ನಮಗೂ ಇಲ್ಲ.

ತಪ್ಪು ಅವರೊಬ್ಬರದ್ದೇ ಅಲ್ಲ. ಆಟಿ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ತಿಂದರೆ ಮರುದಿನ ಮೂತ್ರ ಕೆಂಪಾಗುತ್ತದೆ, ಅಷ್ಟೇ. ಹಾಗಾಗಿ ಸೊಪ್ಪು-ಕಡ್ಡಿ ಅಂದರೆ ನಮಗೆ ಹೆದರಿಕೆ ಇಲ್ಲ. ಇದು ಆ ಜಾತಿಯದಲ್ಲ.

ಮೊದಲು ಹೆಸರು ನಂಬಬೇಡಿ. ನಮ್ಮ ಕಡೆ ಸೋಮಲತೆ ಅಂದರೆ ಎಲೆಯಿಲ್ಲದ, ಮುರಿದರೆ ಹಾಲು ಬರುವ ಬಳ್ಳಿ. ಹಂಬುಕಳ್ಳಿ ಅನ್ನುವುದೂ ಅದನ್ನೇ. ಲಡಾಖ್, ಸ್ಪಿತಿಯ ಚಳಿ ಮರುಭೂಮಿಯದ್ದು ಎಫೆಡ್ರಾ ಎಂಬ ಕುಳ್ಳ ಪೊದೆ. ಹಾಲಿಲ್ಲ. ಒಂದು ಕಡ್ಡಿಯನ್ನು ಕಿಟಕಿ ಬೆಳಕಿಗೆ ಹಿಡಿಯಿರಿ. ಪೊರಕೆ ಕಡ್ಡಿಯಷ್ಟು ಸಪೂರ, ಉದ್ದಕ್ಕೂ ಸಣ್ಣ ಗೆರೆ, ಗೆಣ್ಣು ಗೆಣ್ಣಿಗೂ ಕಾಗದದ ಚೂರಿನಂಥ ಕಂದು ಪೊರೆ. ಆ ಪೊರೆಯೇ ಅದರ ಎಲೆ! ಇಷ್ಟೆಲ್ಲ ಹೊಂದಿದರೂ ಖಾತ್ರಿ ಅಂದುಕೊಳ್ಳಬೇಡಿ. ಪುಡಿಯಾಗಿ ಬಂದರಂತೂ ಮನೆಯಲ್ಲಿ ಗುರುತಿಸುವ ದಾರಿಯೇ ಇಲ್ಲ.

ಚೀನಾದಲ್ಲಿ ಇದರ ಜಾತಿಯ ಗಿಡಕ್ಕೆ ಮಾ ಹುವಾಂಗ್ ಅನ್ನುತ್ತಾರೆ. ದಮ್ಮು, ನೆಗಡಿಗೆ ಬಹಳ ಹಿಂದಿನಿಂದ ಕೊಡುತ್ತಾರೆ. ಅದರೊಳಗಿನ ಎಫೆಡ್ರಿನ್ ಅನ್ನು 1885ರಲ್ಲಿ ಜಪಾನಿನ ನಾಗಾಯಿ ನಾಗಾಯೋಶಿ ಬೇರ್ಪಡಿಸಿದರು. ಅದು ಶ್ವಾಸನಾಳ ಸಡಿಲಿಸುತ್ತದೆ, ದಮ್ಮಿಗೆ ಒಳ್ಳೇದು ಅನ್ನೋದು ಸುಳ್ಳಲ್ಲ. ಆದರೆ ಅದೇ ಹೊತ್ತಿಗೆ ರಕ್ತನಾಳ ಬಿಗಿಯುತ್ತದೆ, ಹೃದಯ ಓಡಿಸುತ್ತದೆ. ಒಂದು ಕಟ್ಟಿನಲ್ಲಿ ಎಫೆಡ್ರಿನ್ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ. ಹಾಗಾಗಿ “ಒಂದು ಹಿಡಿ” ಎಂಬ ಅಳತೆಗೆ ಅರ್ಥವೇ ಇಲ್ಲ. ತೂಕ ಇಳಿಸಲು ಇದನ್ನು ಮಾರುತ್ತಿದ್ದ ಅಮೆರಿಕದಲ್ಲಿ 2004ರಲ್ಲಿ ಅಂಥ ಪುಡಿ, ಮಾತ್ರೆಗಳನ್ನು ನಿಷೇಧಿಸಿದರು.

ಈಗ ಮನೆಯವರ ಮಾತ್ರೆ ಡಬ್ಬ ತೆಗೆಯಿರಿ. ಬಿಪಿ, ಹೃದಯ, ಥೈರಾಯ್ಡ್, ಸಕ್ಕರೆ, ಕಣ್ಣಿನ ಗ್ಲಾಕೋಮಾ, ಪ್ರಾಸ್ಟೇಟ್: ಇವುಗಳಲ್ಲಿ ಒಂದಿದ್ದರೂ ಬೇಡವೇ ಬೇಡ. ಪ್ರಾಸ್ಟೇಟ್ ದೊಡ್ಡದಾದವರಿಗೆ ಮೂತ್ರವೇ ಕಟ್ಟಿಬಿಡಬಹುದು. ಬಸುರಿಯರಿಗೂ ಮಕ್ಕಳಿಗೂ ಬೇಡ. ಫಿನೈಲೆಫ್ರಿನ್ ಇರುವ ನೆಗಡಿ ಮಾತ್ರೆ, ಖಿನ್ನತೆಯ ಕೆಲವು ಮಾತ್ರೆ ಜೊತೆಗಿದ್ದರೆ ಇನ್ನೂ ಅಪಾಯ. ಕಾಫಿಯೂ ಅಷ್ಟೇ, ಎರಡೂ ಸೇರಿ ಹೃದಯ ಓಡಿಸುತ್ತವೆ. ಕೊಡಗಿನವರಿಗೆ ಕಾಫಿ ಬಿಡಿ ಅಂದರೆ ಯಾರು ಕೇಳ್ತಾರೆ?

ಹಾಕಿ ಆಡುವ ಹುಡುಗರಿಗೆ ಒಂದು ಮಾತು. ನಮ್ಮ ಕೊಡವ ಕುಟುಂಬಗಳ ನಡುವಿನ ಟೂರ್ನಮೆಂಟಿನಲ್ಲಿ ಯಾರೂ ಕೇಳದೇ ಇರಬಹುದು. ಆದರೆ ಡೋಪಿಂಗ್ ಪರೀಕ್ಷೆ ಇರುವ ಪಂದ್ಯದಲ್ಲಿ ಮೂತ್ರದಲ್ಲಿ ಎಫೆಡ್ರಿನ್ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ದಾಟಿದರೆ ಸಿಕ್ಕಿಬೀಳುತ್ತೀರಿ. “ಅತ್ತೆ ಕೊಟ್ಟ ಕಷಾಯ” ಅಂದರೆ ನಡೆಯಲ್ಲ.

ಯಾರಾದರೂ ಕುಡಿದೇಬಿಟ್ಟಿದ್ದರೆ ಕೂರಿಸಿ. ಕಾಫಿ, ಚಹಾ ಕೊಡಬೇಡಿ. ಐದು ನಿಮಿಷ ಸುಮ್ನೆ ಕೂತ ಮೇಲೆ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ಬಿಪಿ ನೋಡಿ. ಎದೆನೋವು, ಜೋರು ತಲೆನೋವು, ಮಾತು ತೊದಲುವುದು, ತಲೆ ಸುತ್ತಿ ಬೀಳುವುದು ಕಂಡರೆ ಬಿಪಿ ಮೆಷಿನ್ ಹುಡುಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಕಡ್ಡಿ ಕಟ್ಟನ್ನೂ ಜೊತೆಗೆ ಒಯ್ಯಿರಿ. ನಾವು ಒಯ್ದಿರಲಿಲ್ಲ. ಡಾಕ್ಟರ್ “ಏನು ಕುಡಿದಿರಿ?” ಅಂದಾಗ ಭಾವ “ಕಡ್ಡಿ” ಅಂದರು.

ಉಳಿದಿದ್ದನ್ನು ಹೊಗೆ ಅಟ್ಟದಲ್ಲಿಟ್ಟರೆ ಮಳೆಗಾಲದಲ್ಲಿ ಇನ್ಯಾರೋ ಕಷಾಯದ ಸಾಮಾನು ಅಂತ ಇಳಿಸುತ್ತಾರೆ. ನಾನು ಗೊಬ್ಬರ ಗುಂಡಿಗೆ ಹಾಕಿ ಮೇಲೆ ಮಣ್ಣು ಎಳೆದೆ. ಏಪ್ರಿಕಾಟ್ ಮಾತ್ರ ಭಾವನೇ ಖಾಲಿ ಮಾಡಿದರು.