ಮನೆ ಸರ್ವೆಯ ಛಾವಣಿ ಕಾಲಂ: ಪರಸಿ, ಮಾಳಿಗೆ, ಪತ್ರಾಸು, ಸ್ಲ್ಯಾಬ್

ಹಳೆ ಮನೆ ಕೊಳ್ಳುವವರು ಸರ್ವೆ ವರದಿ ಕೈಗೆ ಬಂದ ಕೂಡಲೇ ಛಾವಣಿ ಕಾಲಂ ನೋಡಬೇಕು. ಕಲಬುರಗಿ ಕಡೆ ಗರ್ಡರ್ ಮೇಲೆ ಪರಸಿ (ಹಾಸುಗಲ್ಲು) ಹಾಸಿದ ಮನೆಯನ್ನು ಆರ್‌ಸಿಸಿ, ಅಂದರೆ ಸರಳು ಹಾಕಿದ ಕಾಂಕ್ರೀಟ್ ಸ್ಲ್ಯಾಬ್, ಎಂದು ಬರೆದುಬಿಡುವುದುಂಟು. ಮೇಲೆ ಸಿಮೆಂಟ್ ಬಳಿದರೆ ಎರಡೂ ಒಂದೇ ಥರ ಕಾಣುತ್ತವೆ. ಒಳಗೆ ನಿಂತು ಕತ್ತೆತ್ತಿ ನೋಡಿ: ಮೂರು ನಾಲ್ಕು ಅಡಿಗೊಂದು ಕಬ್ಬಿಣದ ಗರ್ಡರ್, ನಡುವೆ ಶಹಾಬಾದ್ ಕಲ್ಲಿನ ನೇರ ಸಂದು ಇದ್ದರೆ ಅದು ಪರಸಿ. ಕೆಳಗೂ ಗಿಲಾವು (ಪ್ಲಾಸ್ಟರ್) ಮಾಡಿದ್ದರೆ ಬಿರುಕು ಹುಡುಕಿ. ಗರ್ಡರ್ ತುಕ್ಕು ಹಿಡಿದು ಉಬ್ಬಿದಾಗ ಅದರ ಗುಂಟವೇ ಉದ್ದಕ್ಕೆ ಬಿರುಕು ಬಿಡುತ್ತದೆ. ಸ್ಲ್ಯಾಬಿನಲ್ಲಾದರೆ ಸರಳು ಇರುವ ಕಡೆ, ಅಂದರೆ ಅರ್ಧ ಅಡಿ ಆಸುಪಾಸಿಗೊಂದು ಗೆರೆ.

ಮಾಳಿಗೆ ಮನೆಯಲ್ಲಿ ತೊಲೆ, ಅದರ ಮೇಲೆ ಜಂತಿ, ಆಮೇಲೆ ಹಲಗೆ ಅಥವಾ ಕಟ್ಟಿಗೆ, ಮೇಲೆ ಮಣ್ಣು. ಸೋರಿತೆಂದು ಮಳೆಗಾಲಕ್ಕೆ ಮುಂಚೆ ವರ್ಷವರ್ಷ ಮಣ್ಣು ಏರಿಸುತ್ತ ಹೋಗುವುದೇ ಇದಕ್ಕೆ ಮುಳುವು. 10×10 ಅಡಿ ಕೋಣೆಯ ಮೇಲೆ ಒಂದು ಇಂಚು ಮಣ್ಣೆಂದರೆ ಸುಮಾರು ನಾಲ್ಕು ಕ್ವಿಂಟಲ್ ಭಾರ, ನೆನೆದರೆ ಇನ್ನೂ ಹೆಚ್ಚು. ತೊಲೆಯ ಎರಡೂ ತುದಿಗೆ 3 ಇಂಚು ಕೆಳಗೆ ದಾರ ಬಿಗಿಯಿರಿ. ನಡುವೆ 2 ಇಂಚೇ ಉಳಿದರೆ ತೊಲೆ ಒಂದು ಇಂಚು ಬಾಗಿದೆ. ಗೋಡೆಯೊಳಗೆ ಹೊಕ್ಕ ತುದಿಯನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ. ಗೆದ್ದಲು, ಕೊಳೆತ ಎರಡೂ ಅಲ್ಲಿಂದಲೇ ಶುರು. ನಡುವೆ ಗಟ್ಟಿ ಇದೆ ಎಂದು ನಂಬಬೇಡಿ.

ಪತ್ರಾಸಿಗೆ (ಅಲೆಅಲೆಯಾದ ತಗಡಿನ ಛಾವಣಿ) ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಸ್ಕ್ರೂ ಹಾಕಿದ ತೂತು ಅಲೆಯ ಏರಿನಲ್ಲಿರಬೇಕು, ತಗ್ಗಿನಲ್ಲಿದ್ದರೆ ಸೋರುತ್ತದೆ. ಒಂದು ತಗಡಿನ ತುದಿ ಇನ್ನೊಂದರ ತುದಿಯ ಮೇಲೆ ಕನಿಷ್ಠ 6 ಇಂಚು ಏರಿರಬೇಕು.

ಛಾವಣಿ ಆದಮೇಲೆ ವರದಿಯ ಅಳತೆ ನೋಡಿ. ‘ಪ್ಲಿಂತ್ ಏರಿಯಾ’ದಲ್ಲಿ ಗೋಡೆಯೂ ಸೇರುತ್ತದೆ, ‘ಕಾರ್ಪೆಟ್ ಏರಿಯಾ’ದಲ್ಲಿ ಹೊರಗೋಡೆ ಸೇರುವುದಿಲ್ಲ. ಹಳೆ ಕಲ್ಲಿನ ಮನೆಯಲ್ಲಿ, ಬೀದರಿನ ಜಂಬಿಟ್ಟಿಗೆ ಮನೆಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಹೊರ ಅಳತೆ 24×30 ಅಡಿ, ಗೋಡೆ ಒಂದೂವರೆ ಅಡಿ ಎಂದರೆ ಪ್ಲಿಂತ್ 720 ಚದರ ಅಡಿ, ಒಳಗೆ 21×27, ಅಂದರೆ 567. ಚದರ ಮೀಟರ್ ಬೇಕಾದರೆ 10.764ರಿಂದ ಭಾಗಿಸಿ.

ಗೋಡೆಯಲ್ಲಿ ಕಿಟಕಿ ಮೂಲೆಯಿಂದ ಓರೆಯಾಗಿ ಏರಿದ ಬಿರುಕು ಬುನಾದಿ ಕುಸಿದ ಗುರುತಾಗಿರಬಹುದು. ಸ್ಲ್ಯಾಬಿಗೆ ತಾಗಿ ಕೆಳಗೆ ಗೋಡೆಯಲ್ಲಿ ಬಿದ್ದ ಅಡ್ಡ ಬಿರುಕು ಹೆಚ್ಚಾಗಿ ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿದ್ದರಿಂದ ಬಂದದ್ದು. ಎರೆ ಮಣ್ಣಿನ ಮೇಲಿನ ಮನೆಯಲ್ಲಿ ಬೇಸಿಗೆಗೆ ಬಾಯಿ ಬಿಟ್ಟ ಬಿರುಕು ಮಳೆ ಬಿದ್ದರೆ ಕೂಡಿಕೊಳ್ಳುತ್ತದೆ. ಹಾಗಾಗಿ ಅದರ ಅಗಲ ಅಳೆದ ತಿಂಗಳನ್ನೂ ವರದಿಯಲ್ಲಿ ಬರೆಸಿಕೊಳ್ಳಿ.