ಗ್ರ್ಯಾವಿಟಿ ಮಷೀನ್ ಮ್ಯಾಲ ತೊಗರಿ ಬೀಜ: ಎರಡು ದಿನದ ಎಡವಟ್ಟು

ನಂದು ಕಲಬುರಗಿ ಕಡಿ ಊರು, ತೊಗರಿನೇ ನಮ್ಮ ಮುಖ್ಯ ಬೆಳಿ. ಟಿಎಸ್-3ಆರ್ ಅನ್ನೂ ತೊಗರಿ ತಳಿ ಬೀಜ ನಾವೇ ಕ್ಲೀನ್ ಮಾಡ್ಕೊಳ್ಳೂಣು ಅಂತ ನಾಕೈದು ಮಂದಿ ಸೇರಿ ಒಂದು ಸೆಕೆಂಡ್ ಹ್ಯಾಂಡ್ ಗ್ರ್ಯಾವಿಟಿ ಸೆಪರೇಟರ್, ಅಂದ್ರ ತೂಕ ನೋಡಿ ಕಾಳು ಬ್ಯಾರೆ ಮಾಡೂ ಮಷೀನ್, ತಂದ್ವಿ. ಸರ್ಟಿಫೈಡ್ ತೊಗರಿ ಬೀಜ ಅಂದ್ರ ಕಡಿಮಿ ಅಂದ್ರೂ 75 ಪರ್ಸೆಂಟ್ ಮೊಳಕಿ ಬೇಕು, ನಮ್ಮ ರಾಶಿದು 100 ಕಾಳು ಹಸಿ ಗೋಣಿಚೀಲದಾಗ ಸುತ್ತಿಟ್ಟು ನೋಡಿದ್ರ 71 ಬಂತು. ಕಾಳು ನೋಡ್ಲಿಕ್ಕೆ ಚಲೋನೇ ಇದ್ವು. ಆದ್ರ ಹುಳ ಕೊರದು ಒಳಗ ಟೊಳ್ಳಾದ ಕಾಳಿನ ಸೈಜೂ ಗಟ್ಟಿ ಕಾಳಿನಷ್ಟೇ ಇರ್ತದ, ಜರಡಿ ಏನ್ ಮಾಡೀತು?

ಮಷೀನಿನ ಕೆಲಸ ಅವ್ವ ಮರದಾಗ ಕೇರೂದ್ರ ಸೋದರಮಾವನೇ ಅನ್ರಿ. ಜಾಳಿಗಿ ಹಾಸಿದ ಓರೆ ಟೇಬಲ್, ಕೆಳಗಿಂದ ಫ್ಯಾನ್ ಗಾಳಿ, ಜೋಡಿಗೆ ಅಲುಗಾಟ. ಗಾಳಿಗೆ ಹಗುರ ಕಾಳು ಮ್ಯಾಲ ತೇಲಿ ಇಳಿಜಾರಿಗೆ ಜಾರ್ತಾವ, ತೂಕದ ಕಾಳು ಜಾಳಿಗಿಗೆ ಹತ್ಕೊಂಡು ಕೂತು ಅಲುಗಾಟಕ್ಕ ಏರಿನ ಕಡಿ ಹತ್ತತಾವ. ಹಗುರದ್ದು ಕೆಳಗ, ತೂಕದ್ದು ಮ್ಯಾಲ, ಮೊದಲ ದಿನ ಇದೇ ನನಗ ಉಲ್ಟಾ ಅನಿಸಿ ಚೀಲ ತಪ್ಪಿ ಕಟ್ಟಿದ್ದೆ.

ಮೊದಲ ತಪ್ಪು, ರಾಶಿ ತಂದು ಸೀದಾ ಹಾಪರ್‌ಗೆ (ಮಷೀನಿಗೆ ಕಾಳು ಹಾಕೂ ಡಬ್ಬಿ) ಸುರಿದಿದ್ದು. ಸಣ್ಣ ಗಟ್ಟಿ ಕಾಳು, ದೊಡ್ಡ ಟೊಳ್ಳು ಕಾಳು ಎರಡೂ ಟೇಬಲ್ ಮ್ಯಾಲ ಒಂದೇ ಜಾಗಕ್ಕ ಹೋಗ್ತಾವ, ಅದಕ್ಕ ಮೊದಲ ಜರಡಿ ಹಾಕಿ ಸೈಜ್ ಒಂದು ಮಾಡ್ಕೋಬೇಕು, ಆಮ್ಯಾಲ ಇದರ ಮ್ಯಾಲ ತೂಕ ನೋಡ್ಬೇಕು. ಹರಳು ಇನ್ನೊಂದು ಕಾಟ. ಅವು ಎಲ್ಲಕ್ಕಿಂತ ತೂಕ, ಸೀದಾ ಚಲೋ ಬೀಜ ಹೊರಗ ಬೀಳೂ ಬಾಯಿಗೇ ಬಂದು ಕೂಡ್ತಾವ. ಈಗ ಮುಂಚೇನೇ ಹರಳು ತೆಗಿಯೂ ಮಷೀನ್, ಡಿಸ್ಟೋನರ್, ಹೊಡಸ್ತೀವಿ.

ಎರಡನೇದು ನನ್ನ ಅವಸರ. ಗಾಳಿ ಜಾಸ್ತಿ ಬಿಟ್ಟೆ, ಇಡೀ ಟೇಬಲ್ ಅನ್ನ ಕುದ್ದಂಗ ಕೊತಕೊತ ಅಂತು, ಚಲೋ ಬೀಜ ಎಲ್ಲಾ ಕೆಳಗ ಹರೀತು. ಗಾಳಿ ಇಳಿಸಿದೆ, ಎಲ್ಲಾ ಮ್ಯಾಲ ಹೊಂಟ್ವು. ಸಿಟ್ಟಿಗೆ ಓರೆ, ಅಲುಗಾಟದ ಸ್ಪೀಡು, ಫೀಡು (ಹಾಪರ್‌ನಿಂದ ಕಾಳು ಬೀಳೂದು) ಮೂರೂ ಒಂದೇ ಸಲ ತಿರುವಿ ಯಾವುದರಿಂದ ಏನಾಯ್ತು ಅಂತ ತಿಳೀದಂಗ ಮಾಡ್ಕೊಂಡೆ, ಎರಡು ದಿನ ಹಿಂಗೇ ಹೋತು. ದಾಲ್ ಮಿಲ್‌ನ್ಯಾಗ ದುಡಿದ ಒಬ್ರು ಕಾಕಾ ಬಂದು ನೋಡಿ "ತಮ್ಮಾ, ಒಂದ ತಿರುಪು ಮುಟ್ಟು, ಐದ ನಿಮಿಷ ಕೈ ಕಟ್ಟಿ ನಿಲ್ಲು" ಅಂದ್ರು. ಅಷ್ಟೇ ನೋಡ್ರಿ. ಮೊದಲ ಫೀಡ್ ಸರಿ ಮಾಡಿ ಕಾಳು ಟೇಬಲ್ ಪೂರಾ ಮುಚ್ಚೂವಂಗ ಮಾಡ್ಕೊಂಡೆ, ಆಮ್ಯಾಲ ಗಾಳಿ, ಕಡೀಕ ಓರೆ.

ಟೇಬಲ್ ಎಲ್ಲೂ ಬೋಳು ಬೀಳಬಾರ್ದು. ಬೋಳು ಬಿದ್ದಲ್ಲೇ ಗಾಳಿ ಎಲ್ಲಾ ತಪ್ಪಿಸ್ಕೊಂಡು ಹೋಗ್ತದ, ಉಳಿದ ಕಡಿ ಕಾಳು ಸತ್ತಂಗ ಬೀಳ್ತಾವ. ಹಾಪರ್ ಖಾಲಿ ಆದದ್ದು ನೋಡ್ದೇ ಚಾ ಕುಡೀಲಿಕ್ಕೆ ಹೋಗಿ ಒಂದು ಚೀಲ ಚಲೋ ಬೀಜಕ್ಕ ಕಸ ಕೂಡಿಸಿದ್ದು ನಾನೇ. ಈಗ ಶುರುದು, ಕಡೀದು, ನಡುವಿನ ಬಾಯಿದು ಮೂರೂ ಮತ್ತ ಹಾಪರ್‌ಗೇ. ಎರೆ ಮಣ್ಣಿನ ಧೂಳು ಜಾಳಿಗಿ ತೂತು ಕಟ್ತದ, ದಿನಾ ಬ್ರಶ್ ಹೊಡಿಬೇಕು.

ಕಣ್ಣಳತಿ ನಂಬಬ್ಯಾಡ್ರಿ. ನಾ ಒಂದು ಲೀಟರ್ ಡಬ್ಬಿ ಇಟ್ಟೀನಿ, ಅಂಚಿಗೆ ಸಮ ತುಂಬಿ ಮ್ಯಾಲಿಂದು, ಕೆಳಗಿಂದು ಎರಡೂ ಬಾಯಿದು ತೂಗತೀನಿ, ಫರಕು ಕಡಿಮಿ ಆಯ್ತಂದ್ರ ಸೆಟ್ಟಿಂಗ್ ಜಾರೇದ ಅಂತ. ಆ ಸಲ ಮ್ಯಾಲಿನ ಬೀಜ ಮೊಳಕಿಗಿಟ್ರ 84 ಬಂತು. ಬ್ಯಾರೆ ತಳಿ ಕಾಳು ಬೆರೆತಿದ್ರ ಮಾತ್ರ ಈ ಮಷೀನ್ ಕೈಲಿ ಆಗಲ್ಲ, ತೂಕ ಒಂದೇ ಇರ್ತದಲ್ಲ, ಅದನ್ನ ಹೊಲದಾಗೇ ಕಿತ್ತು ಒಗೀಬೇಕು.

ಕೆಳಗ ಬಿದ್ದ ಟೊಳ್ಳು ದನಕ್ಕ ಹೋಗ್ತದ. ಮುಂದಿನ ವಾರ ಕಡ್ಲಿ ಹಾಕ್ಬೇಕು, ತಿರುಪು ಎಲ್ಲಾ ಮತ್ತ ಮೊದಲಿಂದ.